ತುಕ್ರಪ್ಪನ ಎಲೆ

ಹೆಂಡತಿ ಪ್ರಫುಲ್ಲಾ ತೋಡಾರಿನಿಂದ ಹೊರಟಾಗಿತ್ತು. ಅವಳು ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಅಳದಂಗಡಿಗೆ ಬಂದು ಮುಟ್ಟುವಷ್ಟರಲ್ಲಿ ತನ್ನ ಬಾಡಿಗೆ ಮನೆ ಮನುಷ್ಯರು ಇರುವ ಮನೆಯ ಹಾಗೆ ಕಾಣಬೇಕು ಎಂದು ನಿತ್ಯಾನಂದ ಆ ಭಾನುವಾರ ಬೆಳಗಿನಿಂದ ಹೆಣಗುತ್ತಿದ್ದ. ಮುಂಬಾಗಿಲು ಕಿರ್ರೆನ್ನುತ್ತದೆಂದು ಕೀಲಿಗೆ ತೆಂಗಿನೆಣ್ಣೆ ಬಿಟ್ಟ. ಎಣ್ಣೆ ಕುಡಿದ ಬಾಗಿಲು ಸದ್ದೇ ಇಲ್ಲದೆ ತನ್ನಷ್ಟಕ್ಕೆ ತೆರೆದುಕೊಳ್ಳತೊಡಗಿತು. ಅದು ಮೊದಲಿಗಿಂತ ಕಡೆ. ಕಾಗದ ಮಡಚಿ ಸಂದಿಗೆ ಸಿಕ್ಕಿಸಿದ. ಗೋಡೆಗೆ ದೇವರ ಕ್ಯಾಲೆಂಡರ್ ತೂಗಿಸಿದ. ಖಾಲಿ ಗೋಡೆಯಲ್ಲಿ ಒಂದೇ ದೇವರು ಕಾವಲಿಗೆ ನಿಲ್ಲಿಸಿದಂತೆ ಕಂಡಿತೆಂದು ತೆಗೆದ. ತೆಗೆದ ಮೇಲೆ ಮೊಳೆ ಉಳಿಯಿತು. ಈ ಮನೆಯಲ್ಲಿ ಮೊಳೆ ಇದ್ದದ್ದೇಕೆ ಎಂದು ಅವಳು ಕೇಳಿದರೆ? ಅಂಗಿ ತೂಗಿಸಿದ. ತಲೆಯಿಲ್ಲದ ಅಂಗಿ ಫ್ಯಾನಿನ ಗಾಳಿಗೆ ತೋಳಾಡಿಸಿತು. ಅವನು ಫ್ಯಾನು ನಿಲ್ಲಿಸಿ, ಅಂಗಿಯನ್ನು ತಾನೇ ಹಾಕಿಕೊಂಡು, ಕುರ್ಚಿಯಲ್ಲಿ ಕುಳಿತು ಬೆವರಿದ.

ಹೇಳಿಕೊಳ್ಳುವಂಥ ಹಳೇ ಮನೆಯಾದರೂ ಆಗಿದ್ದರೆ ಹೆದರಿಕೆಗೆ ಒಂದು ಮರ್ಯಾದೆ ಇರುತ್ತಿತ್ತು. ಇದು ತುಕ್ರಪ್ಪ ಎಂಬವರು ಮಸ್ಕತ್ತಿನಲ್ಲಿ ಕ್ಯಾಂಟೀನು ನಡೆಸಿ ಬಂದು ಕಟ್ಟಿಸಿದ ತಾರಸಿ ಮನೆ. ಪಿಸ್ತಾ ಬಣ್ಣ, ಕಿಟಕಿಗೆ ಹಸಿರು ಗಾಜು, ಚಾವಡಿಗಿಂತ ದೊಡ್ಡ ಅಡುಗೆಮನೆ. ಮೇಲಿನ ಮಾಳಿಗೆ ಮುಗಿಯುವ ಮೊದಲೇ ಅವರು ತೀರಿಹೋದರು; ಕಬ್ಬಿಣದ ಸರಳುಗಳು ಇವತ್ತಿಗೂ ಆಕಾಶ ನೋಡುತ್ತ ನಿಂತಿವೆ. ಸತ್ತ ಮೇಲೆ ಮನೆ ಬಿಟ್ಟು ಹೋಗದ ಜೀವಕ್ಕೆ ಈ ಕಡೆ ಕುಲೆ ಎನ್ನುತ್ತಾರೆ. ತುಕ್ರಪ್ಪ ಕುಲೆಯಾಗಿದ್ದಾರೆ ಎಂದು ಊರು ತೀರ್ಮಾನಿಸಿ ವರ್ಷಗಳಾಗಿದ್ದವು. ಬಾಡಿಗೆಗೆ ಬಂದವರೆಲ್ಲ ಮೊದಲ ಮಳೆಗಾಲಕ್ಕೇ ಗಂಟುಮೂಟೆ ಕಟ್ಟಿದ್ದರು. ಬಸ್ಸಿನಲ್ಲಿ ಹೋಗುವವರು ಮಾತು ನಿಲ್ಲಿಸಿ ಆ ಕಡೆ ನೋಡಿ, ಮನೆ ದಾಟಿದ ಮೇಲೆ ಮಾತು ಮುಂದುವರಿಸುತ್ತಿದ್ದರು. ನಿತ್ಯಾನಂದನಿಗೆ ಒಳಗಿದ್ದಾಗ ಏನೂ ಅನಿಸುತ್ತಿರಲಿಲ್ಲ. ಹೆದರಿಕೆಯಾಗುತ್ತಿದ್ದದ್ದು ಸಂಜೆ ಬ್ಯಾಂಕಿನಿಂದ ಬಂದು ಗೇಟಿನ ಹೊರಗೆ ನಿಂತಾಗ. ಹೊರಗಿನಿಂದ ನೋಡಿದರೆ ಅದು ಅವನ ಮನೆಯಾಗಿರುತ್ತಿರಲಿಲ್ಲ, ಊರವರು ಹೇಳುವ ಮನೆಯಾಗಿರುತ್ತಿತ್ತು. ಒಮ್ಮೆ ಬಾಲ್ಕನಿಯಲ್ಲಿ ಯಾರೋ ಬಗ್ಗಿ ನೋಡಿದಂತಾಗಿತ್ತು. ತಾನೇ ಬೆಳಿಗ್ಗೆ ಒಣಹಾಕಿದ ಲುಂಗಿ. ಅಂದಿನಿಂದ ಅವನು ಗೇಟಿನ ಕಡೆಯಿಂದ ಬರುವುದನ್ನೇ ಬಿಟ್ಟು, ಹಿಂದಿನ ಗದ್ದೆಯ ಬದುವಿನಲ್ಲಿ ಬಂದು ಅಡುಗೆಮನೆಯ ಬಾಗಿಲಿಂದ ಒಳಗೆ ಸೇರುತ್ತಿದ್ದ. ಮ್ಯಾನೇಜರ್ ಎಂದು ಬೋರ್ಡು ಹಾಕಿಕೊಂಡ ಮನುಷ್ಯ ಬಾಡಿಗೆ ಕೊಡುವ ಮನೆಗೇ ಕಳ್ಳನಂತೆ ಬರುವುದು. ನಾಚಿಕೆಯಾಗುತ್ತಿತ್ತು, ಆದರೂ ಬದುವಿನಲ್ಲೇ ಬರುತ್ತಿದ್ದ.

ಆದರೂ ಇದು ತನ್ನ ಮನೆ. ತೋಡಾರಿನದ್ದು ಹೆಂಡತಿಯ ಮನೆ, ಅಂದರೆ ಈಗ ಅವಳ ಅಣ್ಣ ಶೋಧನನ ಮನೆ. ಮದುವೆಯಾದ ಲಾಗಾಯ್ತು ಅಲ್ಲೇ ಇದ್ದ. ಯಾರೂ ಅವನಿಗೆ ಒಂದು ಮಾತು ಅಂದವರಲ್ಲ. ಅಂದಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಊಟಕ್ಕೆ ಕುಳಿತಾಗ ಅತ್ತಿಗೆ ಸೌಟು ಹಿಡಿದು ಬಂದರೆ ಶೋಧನ ಪೇಪರಿನಿಂದ ಕಣ್ಣೆತ್ತಿ ಒಮ್ಮೆ ಅವನ ಬಟ್ಟಲು ನೋಡುತ್ತಿದ್ದ, ಅಷ್ಟೆ. ಆ ನೋಟಕ್ಕೆ ಅರ್ಥವೇ ಇರಲಿಲ್ಲವೇನೋ. ನಿತ್ಯಾನಂದನ ಎಡಗೈ ಮಾತ್ರ ತಾನಾಗಿ ಬಟ್ಟಲಿಗೆ ಅಡ್ಡ ಬರುತ್ತಿತ್ತು. “ಸಾಕು, ಸಾಕು.” ಒಂದು ತುಂಡು ಕೋಳಿ, ಎರಡು ಸೌಟು ಅನ್ನ, ಸಾಕು. ಅಳಿಯ ಕಡಿಮೆ ಉಣ್ಣುವವರು, ಒಳ್ಳೆಯವರು ಎಂದು ಆ ಮನೆಯಲ್ಲಿ ಹೆಸರಾಯಿತು. ಒಮ್ಮೆ ಹೆಸರಾದ ಮೇಲೆ ಅದನ್ನು ಕೆಡಿಸಿ ಉಣ್ಣುವುದು ಹೇಗೆ? ರಾತ್ರಿ ಹಸಿವಿನಿಂದ ಹೊಟ್ಟೆ ಗುರುಗುಟ್ಟಿದರೆ ಪ್ರಫುಲ್ಲಾ, “ಗ್ಯಾಸ್ಟ್ರಿಕ್ಕು ನಿಮಗೆ,” ಎಂದು ಸೋಡಾಪುಡಿ ಕದಡಿ ಕೊಡುತ್ತಿದ್ದಳು. ಅವಳ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅಳದಂಗಡಿ ಶಾಖೆಗೆ ವರ್ಗವಾದಾಗ ಶೋಧನ, “ದಿನಾ ಹೋಗಿ ಬರಬಹುದಲ್ಲ ಭಾವ,” ಅಂದ. ನಿತ್ಯಾನಂದ ಜೀವಮಾನದಲ್ಲಿ ಮೊದಲ ಸಲ, “ಇಲ್ಲ, ಅಲ್ಲೇ ಮನೆ ಮಾಡ್ತೇನೆ,” ಎಂದುಬಿಟ್ಟ. ಸಿಕ್ಕಿದ್ದು ಈ ಮನೆ ಒಂದೇ. ಪ್ರಫುಲ್ಲಾ ಫೋನಿನಲ್ಲಿ, “ಮೊದಲು ಬಂದು ನೋಡ್ತೇನೆ. ಸರಿ ಕಂಡ್ರೆ ಇರ್ತೇನೆ, ಇಲ್ಲದಿದ್ರೆ ನೀವೇ ವಾಪಾಸ್ ಬನ್ನಿ. ಮೂಲೆಯ ಕೋಣೆ ಖಾಲಿಯೇ ಉಂಟು ಅಂತ ಅಣ್ಣ ಹೇಳಿದ,” ಎಂದಿದ್ದಳು. ಮೂಲೆಯ ಕೋಣೆಗೆ ವಾಪಾಸು ಹೋಗುವುದೆಂದರೆ ಮತ್ತೆ ಆ ಬಟ್ಟಲು, ಆ ಎಡಗೈ. ಅವಳು ಇವತ್ತು ಇಲ್ಲಿ ಉಳಿಯಲೇಬೇಕು.

ಉಳಿಯಬೇಕಾದರೆ ಆಷಾಢದಲ್ಲಿ, ಈ ಕಡೆಯ ಆಟಿ ತಿಂಗಳಲ್ಲಿ, ಅಮಾವಾಸ್ಯೆಯ ಸಂಜೆ ನಡೆದದ್ದು ನಡೆಯದೇ ಇರಬೇಕಿತ್ತು. ಆವತ್ತು ಮಳೆಯಲ್ಲಿ ನೆನೆದು, ಹಸಿದು, ಗದ್ದೆಯ ಬದುವಿನಲ್ಲಿ ಬಂದು ಹಿಂಬಾಗಿಲು ತೆಗೆದರೆ ಇಡೀ ಮನೆ ಕೋಳಿ ಸುಕ್ಕದ ವಾಸನೆ. ಚಾವಡಿಯ ನಡುವೆ ದೀಪ. ದೀಪದ ಎದುರು ಕುಡಿಬಾಳೆ ಎಲೆ. ಎಲೆಯಲ್ಲಿ ಹಬೆಯಾಡುವ ಕುಚ್ಚಲಕ್ಕಿ ಅನ್ನ, ಸುಕ್ಕ, ನೀರುದೋಸೆ. ಪಕ್ಕದಲ್ಲೊಂದು ಲೋಟ ಕಳ್ಳು. ಮುಂಬಾಗಿಲು ಹೊರಗಿನಿಂದ ಮುಚ್ಚಿತ್ತು. ಮನೆಯ ಈಗಿನ ಯಜಮಾನ, ತುಕ್ರಪ್ಪನ ತಮ್ಮ ಮುಂಡಪ್ಪಣ್ಣ, ಕಾಂಪೌಂಡಿನ ಆಚೆಯೇ ಇರುವವರು. ಅವರ ಹತ್ತಿರ ಇನ್ನೊಂದು ಕೀಲಿಕೈ ಇತ್ತು. ಒಂಟಿ ಮನುಷ್ಯ ಹಬ್ಬದ ದಿನ ಉಪವಾಸ ಬೀಳಬಾರದೆಂದು ಇಟ್ಟು ಹೋಗಿದ್ದಾರೆ ಎಂದುಕೊಂಡ. ಹಾಗೆ ಅಂದುಕೊಂಡದ್ದು ಮೊದಲ ತುತ್ತಿಗೆ ಮೊದಲೋ, ಆಮೇಲೋ? ಇದನ್ನು ಅವನು ಇವತ್ತಿನ ತನಕ ನೂರು ಸಲ ಮನಸ್ಸಿನಲ್ಲಿ ಮಥಿಸಿದ್ದಾನೆ. ಎಲೆಯ ಕೊಡಿ, ಅದರ ತುದಿ, ದಕ್ಷಿಣಕ್ಕಿತ್ತು. ಅಮಾವಾಸ್ಯೆ. ಮುಚ್ಚಿದ ಬಾಗಿಲು. ಈ ಮಣ್ಣಿನಲ್ಲಿ ಹುಟ್ಟಿದ ಯಾವ ಮಗುವಿಗೂ ಗೊತ್ತಿರುತ್ತದೆ, ಸತ್ತವರಿಗೆ ಬಡಿಸಿ ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ, ಅವರು ಉಂಡು ಹೋಗಲೆಂದು. ಅವನ ಕಣ್ಣಿಗೂ ಕಂಡಿತ್ತು. ಆದರೆ ಎಲೆಯ ಹತ್ತಿರ ಯಾರೂ ಇರಲಿಲ್ಲ, ಪೇಪರಿನ ಹಿಂದಿನಿಂದ ಯಾರೂ ಕಣ್ಣೆತ್ತಲಿಲ್ಲ. ಕುಳಿತ. ಉಂಡ. ಮೂಳೆ ಚೀಪಿದ. ದೋಸೆಯ ಕೊನೆಯ ಚೂರಿನಿಂದ ಎಲೆಯನ್ನು ಒರೆಸಿ ತಿಂದ. ಬಚ್ಚಲಿಗೆ ಹೋಗಿ ಕೈತೊಳೆಯಬೇಕೆಂದು ನಲ್ಲಿಗೆ ಕೈಹಾಕಿದ್ದಾನೆ, ಹೊರಗಿನಿಂದ ಯಾರೋ ಮೂರು ಸಲ ಕೆಮ್ಮಿ ಬಾಗಿಲು ತೆಗೆದರು. ಆಮೇಲೆ ಪ್ರಾಯ ಸಂದ ಗಂಡಸೊಬ್ಬರು ಅಳುವುದು ಕೇಳಿಸಿತು.

“ಅಣ್ಣಾ, ಉಂಡೆಯಲ್ಲಾ. ಕೊನೆಗೂ ಉಂಡೆಯಲ್ಲಾ.”

ನಿತ್ಯಾನಂದ ಎಂಜಲು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಬಚ್ಚಲಿನ ಕತ್ತಲಲ್ಲಿ ನಿಂತಿದ್ದ. ಆ ಹೊತ್ತಿನಲ್ಲೇ ಹೊರಗೆ ಬಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಮರುದಿನ ಮುಂಡಪ್ಪಣ್ಣ ತಾವಾಗಿ ಬಂದು ಮೆಟ್ಟಿಲ ಮೇಲೆ ಕುಳಿತು ಎಲ್ಲ ಹೇಳಿದರು. ಈ ಮನೆಯ ಒಕ್ಕಲಿನ, ಅಂದರೆ ಗೃಹಪ್ರವೇಶದ, ದಿನ ಅಣ್ಣ ತನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದನಂತೆ. ಒಡಹುಟ್ಟಿದ ತಮ್ಮನಿಗೆ ಎರಡನೇ ಪಂಕ್ತಿಯೇ ಎಂದು ಸಿಟ್ಟು ನೆತ್ತಿಗೇರಿ, ಪಾಯಸ ಬಡಿಸುವಾಗ ಎಲೆ ಬಿಟ್ಟು ಎದ್ದುಬಂದರಂತೆ. ಮಾತು ಬಿಟ್ಟಿತು. ಮಾತು ಕೂಡುವ ಮೊದಲೇ ಅಣ್ಣ ಹೋದ. ಅಂದಿನಿಂದ ಪ್ರತಿ ಆಟಿಯಲ್ಲೂ ಬಡಿಸುತ್ತಾರೆ, ಎಲೆ ಇಟ್ಟಹಾಗೆ ಇರುತ್ತದೆ. ಹೊರಗೆ ಹಾಕಿದರೆ ಕಾಗೆಯೂ ಮುಟ್ಟುವುದಿಲ್ಲ. “ಇಷ್ಟು ಕಾಲ ನನ್ನ ಎಲೆ ಬಿಟ್ಟು ಏಳುತ್ತಿದ್ದ ಮಾರಾಯ್ರೆ. ನಾನು ಎದ್ದ ಹಾಗೆ. ನಿನ್ನೆ ಒರೆಸಿ ಉಂಡಿದ್ದಾನೆ.” ಹಾಗೆ ಹೇಳುವಾಗ ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನೋಡಿ ನಿತ್ಯಾನಂದನ ಬಾಯಿ ಕಟ್ಟಿತು. “ಹೌದಾ?” ಎಂದ. ಅದೊಂದೇ ಮಾತು, ಅಲ್ಲಿಂದ ಮುಂದೆ ತಮ್ಮ ಮನೆಯಲ್ಲಿ ಕೋಳಿ ಮಾಡಿದ ಭಾನುವಾರವೆಲ್ಲ ಮುಂಡಪ್ಪಣ್ಣ ಅಣ್ಣನಿಗೆ ಬಡಿಸತೊಡಗಿದರು. ಎಲೆ ಬಿಟ್ಟರೆ ಅವರಿಗೆ ಏನಾಗಬಹುದು ಎಂದು ನಿತ್ಯಾನಂದನಿಗೆ ಗೊತ್ತಿತ್ತು. ಹಾಗಾಗಿ ಉಂಡ. ಪರೋಪಕಾರ ಎಂದು ಹೇಳಿಕೊಳ್ಳಲು ಹೋದರೆ ಹೊಟ್ಟೆ ನಗುತ್ತಿತ್ತು. ಶನಿವಾರ ಮಧ್ಯಾಹ್ನದಿಂದಲೇ ಅವನು ದಾರಿ ಕಾಯುತ್ತಿದ್ದ. ಸುಮ್ಮನೆ ಹೆದರಿಸುತ್ತಿದ್ದ ಮನೆ ಈಗ ಕೋಳಿ ತಿನ್ನುವ ಮನೆಯಾಯಿತು. ಬಸ್ಸುಗಳಲ್ಲಿ ಆ ಸುದ್ದಿ ವೇಣೂರು ದಾಟಿ, ಮೂಡುಬಿದಿರೆ ದಾಟಿ, ತೋಡಾರಿನಲ್ಲಿ ಶೋಧನನ ಜಗಲಿಗೆ ಹೋಗಿ ಇಳಿಯಿತು.

ಗೇಟಿನ ಚಿಲಕ ಸದ್ದಾಯಿತು. ಪ್ರಫುಲ್ಲಾ ಬರಿಗೈಯಲ್ಲಿ ಬಂದಿದ್ದಳು.

“ಬ್ಯಾಗ್ ಇಲ್ವಾ?”

“ಅಬ್ದುಲ್ಲಾಕನ ಅಂಗಡಿಯಲ್ಲಿ ಇಟ್ಟಿದ್ದೇನೆ. ನೋಡಿ ಆಮೇಲೆ ತರುವ,” ಎಂದಳು. ರಸ್ತೆ ಬದಿಯ ಜೀನಸಿನ ಅಂಗಡಿಯ ಅಬ್ದುಲ್ಲ ಮಾತಿಗೆ ಸಿಕ್ಕಿದರೆ ಅರ್ಧ ಊರು ಸಿಕ್ಕಿದಂತೆ. “ಅವರು ಹೇಳಿದ್ರು, ಹೆದರಬೇಡಿ ಅಕ್ಕ, ನಿಮ್ಮ ಮನೆಯ ಕುಲೆ ಒಳ್ಳೆಯದು, ಉಂಡು ಸುಮ್ಮನಿರ್ತದೆ ಅಂತ.”

ನಿತ್ಯಾನಂದ ನಕ್ಕ. ತನ್ನ ನಗು ಖಾಲಿ ಮಾಳಿಗೆಗೆ ಹೋಗಿ ವಾಪಾಸು ಬಂದದ್ದು ಕೇಳಿ ಬಾಯಿ ಮುಚ್ಚಿದ. ಅವಳು ಕೋಣೆಯಿಂದ ಕೋಣೆಗೆ ನಡೆದಳು. ಕೀಲಿನ ಎಣ್ಣೆ ಮುಟ್ಟಿ ಸೆರಗಿಗೆ ಒರೆಸಿಕೊಂಡಳು. ಮೊಳೆ ನೋಡಿದಳು, ಏನೂ ಕೇಳಲಿಲ್ಲ. ಅಡುಗೆಮನೆಗೆ ಬಂದಾಗ ಮಾತ್ರ ಅವಳ ಮುಖ ಅರಳಿತು. ಕಡಪ ಕಲ್ಲಿನ ಉದ್ದದ ಕಟ್ಟೆ, ಎರಡು ಸಿಂಕು, ನಾಲ್ಕು ಕಿಟಕಿ. ಅಡುಗೆಯವನೊಬ್ಬ ಜೀವಮಾನ ಪೂರ್ತಿ ಇಕ್ಕಟ್ಟಿನಲ್ಲಿ ಬೆಂದು, ಕೊನೆಗೆ ಮನಸ್ಸಿಗೆ ಬಂದಷ್ಟು ಜಾಗ ಮಾಡಿಕೊಂಡ ಅಡುಗೆಮನೆ. ತೋಡಾರಿನಲ್ಲಿ ಅತ್ತಿಗೆಯ ಬೆನ್ನಿಗೆ ಬೆನ್ನು ತಾಗಿಸಿ ತೆಂಗಿನಕಾಯಿ ತುರಿಯುವ ಪ್ರಫುಲ್ಲಾ ಆ ಕಟ್ಟೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅಂಗೈ ಸವರಿದಳು. ಆಯಿತು, ಇರುತ್ತಾಳೆ, ಎಂದು ನಿತ್ಯಾನಂದನಿಗೆ ಅನಿಸಿತು. ಅವಳು ಪಾತ್ರೆಗಳ ಕಪಾಟು ತೆರೆದಳು. ಒಂದು ಚಾದ ಪಾತ್ರೆ, ಎರಡು ಲೋಟ.

“ಊಟಕ್ಕೆ ಎಂಥ ಮಾಡ್ತೀರಿ?”

“ಹೋಟ್ಲಿಂದ.”

“ಭಾನುವಾರ ಇಲ್ಲಿ ಹೋಟ್ಲು ಬಂದ್ ಅಂತೆ. ಅಬ್ದುಲ್ಲಾಕ ಹೇಳಿದ್ರು. ಅವರು ನಿಮಗೆ ಅಕ್ಕಿ ಮಾರಿದ್ದೇ ಇಲ್ವಂತೆ.”

ಅವನಿಗೆ ಸುಸ್ತಾಯಿತು. ಕಟ್ಟೆಗೆ ಒರಗಿಕೊಂಡ. “ಪ್ರಫುಲ್ಲಾ, ಕುಲೆ ಗಿಲೆ ಎಂಥದ್ದೂ ಇಲ್ಲ. ಆ ಎಲೆಯ ಊಟ ಮಾಡುವುದು ನಾನು.”

ಅವಳು ಕಪಾಟು ಮುಚ್ಚಿದಳು. ನಗುತ್ತಾಳೆ ಎಂದು ಕಾದ. ಅವಳು ನಗಲಿಲ್ಲ.

“ಕುಲೆಯ ಹೆದರಿಕೆ ನಂಗಿಲ್ಲ,” ಎಂದಳು ಮೆಲ್ಲಗೆ. “ನಮ್ಮಲ್ಲೂ ಆಟಿಯಲ್ಲಿ ಬಡಿಸ್ತೇವೆ. ನಮ್ಮ ಅಪ್ಪನಿಗೂ ಬಡಿಸಿದ್ದೇನೆ. ಆದ್ರೆ ಸತ್ತವರ ಎಲೆ ಗೊತ್ತಿದ್ದೂ ಕದ್ದು ಉಂಡವರ ಜೊತೆ... ಇಲ್ಲ, ನನ್ನಿಂದ ಆಗ್ಲಿಕ್ಕಿಲ್ಲ. ಮನೆಯಲ್ಲಿ ಉಪವಾಸ ಹಾಕಿದ್ವಾ ನಿಮ್ಮನ್ನು?”

ಆ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇತ್ತು. ಆದರೆ ಅದನ್ನು ಹೇಳಲು ಎಲ್ಲಿಂದ ಶುರು ಮಾಡುವುದು? ಅಷ್ಟರಲ್ಲಿ ಮುಂಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮುಂಡಪ್ಪಣ್ಣ, ಕೈಯಲ್ಲಿ ಸ್ಟೀಲಿನ ದೊಡ್ಡ ಬುತ್ತಿ, ಕಂಕುಳಲ್ಲಿ ಸುರುಳಿ ಸುತ್ತಿದ ಬಾಳೆಎಲೆ.

“ಇವತ್ತು ಜಾಸ್ತಿಯೇ ತಂದಿದ್ದೇನೆ ಅಕ್ಕ. ನೀವು ಬರ್ತೀರಿ ಅಂತ ಮ್ಯಾನೇಜರ್ರು ಹೇಳಿದ್ರು. ಅಣ್ಣನಿಗೂ ಉಂಟು, ನಿಮಗಿಬ್ಬರಿಗೂ ಉಂಟು.”

“ಇವರು ಎಂಥದೋ ಹೇಳ್ತಾರೆ, ಕೇಳಿ,” ಎಂದಳು ಪ್ರಫುಲ್ಲಾ.

ನಿತ್ಯಾನಂದ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎರಡನೇ ಸಲ ಹೇಳಬೇಕಾಯಿತು. ಹೇಳುವಾಗ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. ಮುದುಕರ ಮುಖ ಕುಸಿಯುವುದನ್ನು ನೋಡಲಾರೆನೆಂದು ಕಣ್ಣು ಕೆಳಗೆ ಹಾಕಿದ್ದ. ಮೇಲೆ ನೋಡಿದರೆ ಮುಂಡಪ್ಪಣ್ಣ ಕನಿಕರದಿಂದ ಅವನನ್ನೇ ನೋಡುತ್ತಿದ್ದರು.

“ಅಷ್ಟೇಯಾ? ನನಗೆ ಗೊತ್ತಿಲ್ವಾ ಮಾರಾಯ್ರೆ. ಅಣ್ಣನಿಗೆ ಈಗ ಬಾಯಿ ಎಲ್ಲಿ ಉಂಟು? ಅವನು ನಿಮ್ಮ ಬಾಯಲ್ಲಿ ಉಣ್ತಾನೆ.”

“ಅಲ್ಲ ಮುಂಡಪ್ಪಣ್ಣ, ನನಗೇ ಹಸಿವಾಗಿ...”

“ಮೊದಲಿನ ಬಾಡಿಗೆಯವರಿಗೆ ಹಸಿವು ಇರ್ಲಿಲ್ವಾ? ಅವರ ಕಣ್ಣೆದುರೇ ಎಲೆ ಇಟ್ಟಿದ್ದೆ. ಒಬ್ಬರಾದ್ರೂ ಮುಟ್ಟಿದ್ರಾ? ತಲೆ ಸರಿ ಇದ್ದವ ಯಾರಾದ್ರೂ ಕುಲೆಯ ಎಲೆಗೆ ಕೈ ಹಾಕ್ತಾನಾ?” ಅವರು ಪ್ರಫುಲ್ಲಾಳ ಕಡೆ ತಿರುಗಿದರು. “ನೀವೇ ಹೇಳಿ ಅಕ್ಕ. ಅರ್ಧ ಕೋಳಿ, ಒಂದು ಸೇರಕ್ಕಿ ಅನ್ನ, ಹತ್ತು ದೋಸೆ. ನಿಮ್ಮ ಯಜಮಾನರು ಮನೆಯಲ್ಲಿ ಹೀಗೆ ಉಣ್ತಾರಾ?”

ಪ್ರಫುಲ್ಲಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇಲ್ಲ,” ಎಂದಳು. “ಒಂದು ತುಂಡು ಹಾಕಿದ್ರೆ ಸಾಕು ಅಂತಾರೆ. ಮದುವೆಯಾದಂದಿನಿಂದ ಎರಡನೇ ಸಲ ಹಾಕಿಸಿಕೊಂಡದ್ದನ್ನು ನಾನು ನೋಡ್ಲಿಲ್ಲ.”

ಅಲ್ಲಿಗೆ ತೀರಿತು. ಇಷ್ಟು ವರ್ಷ ಹಸಿದು ಹಸಿದು ಗಳಿಸಿದ ಒಳ್ಳೆಯ ಹೆಸರು ಎದ್ದು ನಿಂತು ಅವನ ವಿರುದ್ಧವೇ ಸಾಕ್ಷಿ ಹೇಳಿತು. ನಿತ್ಯಾನಂದನಿಗೆ ತನ್ನ ಮೇಲೇ ಅನುಮಾನ ಬಂತು. ತೋಡಾರಿನಲ್ಲಿ ಉಣ್ಣುವವನೂ ಇಲ್ಲಿ ಉಣ್ಣುವವನೂ ಒಬ್ಬನೇ ಎನ್ನಲು ಅವನ ಹತ್ತಿರವಾದರೂ ಏನು ಆಧಾರವಿತ್ತು?

“ಹೀಗೆ ಮಾಡುವ,” ಎಂದರು ಮುಂಡಪ್ಪಣ್ಣ. “ಅಕ್ಕ, ನೀವು ಬಡಿಸಿ. ಅಣ್ಣ ಮದುವೆಯಾದವನಲ್ಲ, ಅಮ್ಮ ಹೋದ ಮೇಲೆ ಹೆಂಗಸಿನ ಕೈಯ ಊಟ ಕಂಡವನಲ್ಲ, ಎಲ್ಲರಿಗೂ ತಾನೇ ಬೇಯಿಸಿ ಹಾಕಿದವ. ಅವನು ಇವರ ಬಾಯಲ್ಲಿ ತೃಪ್ತಿಯಾಗಿ ಉಂಡು ಹೋಗಲಿ. ಆಮೇಲೆ ಇವರಿಗೆ ಬಡಿಸಿ. ಇವರೇ ಉಂಡದ್ದಾದ್ರೆ ಹೊಟ್ಟೆಯಲ್ಲಿ ಮತ್ತೆ ಜಾಗ ಇರ್ಲಿಕ್ಕಿಲ್ಲ. ಉಂಡ್ರೆ, ಮೊದಲು ಉಂಡದ್ದು ಅಣ್ಣ ಅಂತ ಆಯ್ತಲ್ಲ. ಮತ್ತೆ ಅವನು ಈ ಮನೆಗೆ ಬರುವುದಿಲ್ಲ, ನಾನೂ ಎಲೆ ತರುವುದಿಲ್ಲ. ಆಗದಾ?”

ಪ್ರಫುಲ್ಲಾ ಸ್ವಲ್ಪ ಯೋಚಿಸಿದಳು. “ಆಗಬಹುದು,” ಎಂದು ಸೆರಗು ಸಿಕ್ಕಿಸಿದಳು. ಅಂದರೆ ಇಷ್ಟೆ: ಗಂಡನ ಮೈಮೇಲೆ ಕುಲೆ ಬಂದಿದ್ದರೆ ಅವಳಿಗೆ ಅಡ್ಡಿಯಿಲ್ಲ, ಗಂಡ ಕಳ್ಳನಾಗಿದ್ದರೆ ಮಾತ್ರ ಸಂಜೆಯ ಬಸ್ಸು. ಅವಳು ಅಂಥದ್ದರಲ್ಲಿ ರಾಜಿಯಾಗುವವಳಲ್ಲ ಎಂದು ಅವನಿಗೆ ಗೊತ್ತಿತ್ತು, ಅದಕ್ಕಾಗಿಯೇ ಅವಳನ್ನು ಕಂಡರೆ ಅವನಿಗೆ ಇಷ್ಟ.

ಎಲೆ ಬಿತ್ತು, ಕೊಡಿ ದಕ್ಷಿಣಕ್ಕೆ. ಪ್ರಫುಲ್ಲಾ ಬಡಿಸಿದಳು. ತೋಡಾರಿನಲ್ಲಿ ಯಾರ ಎಲೆಗೂ ಅವಳು ಇಷ್ಟು ನಿಧಾನವಾಗಿ ಬಡಿಸಿದ್ದನ್ನು ಅವನು ಕಂಡಿರಲಿಲ್ಲ. ಅನ್ನವನ್ನು ಗುಡ್ಡೆ ಮಾಡಿ ನಡುವೆ ಗುಳಿ ಮಾಡಿದಳು, ಸಾರು ಹರಿಯದಂತೆ. ಆಮೇಲೆ ಇಬ್ಬರೂ ಹಿಂದೆ ಹಿಂದೆ ನಡೆದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಎಲೆಯ ಮುಂದೆ ನಿತ್ಯಾನಂದ ಒಬ್ಬನೇ. ಹೊರಗೆ ಮುಂಡಪ್ಪಣ್ಣ ಉಸಿರು ಬಿಗಿಹಿಡಿದು ಕುಳಿತಿರುವುದು ಬಾಗಿಲಿನ ಈಚೆಗೂ ತಿಳಿಯುತ್ತಿತ್ತು. ಒಂದು ಅಗುಳು ಉಳಿದರೂ ಅಣ್ಣ ಮತ್ತೆ ಎಲೆ ಬಿಟ್ಟು ಎದ್ದ ಹಾಗೆ. ಬೆಳಗಿನಿಂದ ನೀರು ಸಹ ಕುಡಿಯದ ಹೊಟ್ಟೆ, ಸುಕ್ಕದ ವಾಸನೆ, ಹೆಂಡತಿಯ ಕೈ ಬಡಿಸಿದ ಎಲೆ. ಕುಳಿತ. ಮೊದಲ ಅರ್ಧ ಖುಷಿಯಿಂದ ಉಂಡ. ಉಳಿದರ್ಧವನ್ನು ಮುಂಡಪ್ಪಣ್ಣನಿಗಾಗಿ ಉಂಡ. ಕೊನೆಯ ತುತ್ತುಗಳನ್ನು ಯಾರಿಗಾಗಿ ಉಂಡನೋ ತಿಳಿಯಲಿಲ್ಲ. ಎಲೆ ಒರೆಸಿದ.

ಹೊರಗೆ ಕೆಮ್ಮು. ಒಂದು. ಉಂಡವರು ಈಗ ಹೊರಡಬೇಕು; ಬಾಗಿಲು ತೆಗೆಯುವಾಗ ಎದುರು ಸಿಗುವುದು ಮರ್ಯಾದೆಯಲ್ಲ. ತಾನು ಯಾಕೆ ಹೊರಡಬೇಕು, ಇದು ತನ್ನ ಮನೆ, ಎಂದು ಯೋಚಿಸುವಷ್ಟರಲ್ಲಿ ಎರಡನೇ ಕೆಮ್ಮು ಬಂತು, ಅವನ ಕಾಲುಗಳು ಅವಸರದಿಂದ ಅಡುಗೆಮನೆ ದಾಟಿ ಹಿಂಬಾಗಿಲಿನಿಂದ ಹೊರಬಿದ್ದವು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕೈ ತೊಳೆದು, ತೇಗು ಬಂದದ್ದನ್ನು ಅಂಗೈಯಲ್ಲಿ ಒತ್ತಿಹಿಡಿದ. ಒಳಗೆ ಮುಂಡಪ್ಪಣ್ಣ ಅತ್ತರು. ಆಟಿಯ ಸಂಜೆಯ ಅಳುವಲ್ಲ, ಹಗುರಾದವರ ಅಳು. “ಹೋದ ಅಕ್ಕ. ಹೋದ.” ತಾನು ಇಲ್ಲಿಯೇ ಇದ್ದೇನೆ ಎಂದು ನಿತ್ಯಾನಂದನಿಗೆ ಕೂಗಿ ಹೇಳಬೇಕೆನಿಸಿತು.

“ಎಲ್ಲಿದ್ದೀರಿ?” ಪ್ರಫುಲ್ಲಾಳ ಸ್ವರ. “ಊಟಕ್ಕೆ ಬನ್ನಿ.”

ಹಿಂದಿನಿಂದ ಹೋದರೆ ಸರಿಯಾಗದು. ಮನೆಗೆ ಸುತ್ತು ಹಾಕಿ, ಗೇಟಿನ ತನಕ ಹೋಗಿ, ಅಲ್ಲಿಂದ ಬರುವವನಂತೆ ತಿರುಗಿ ನೋಡಿದ. ಹಸಿರು ಗಾಜಿನ ಹಿಂದೆ ಯಾರೋ ಸುಳಿದರು. ಪ್ರಫುಲ್ಲಾ, ಎಲೆ ಹಾಸಲು ನೆಲ ಒರೆಸುತ್ತಿದ್ದಾಳೆ. ಅಷ್ಟಾದರೂ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ.

ಈ ಸಲ ಎಲೆಯ ಕೊಡಿ ಎಡಕ್ಕಿತ್ತು, ಬದುಕಿದವರಿಗೆ ಹಾಕುವ ಹಾಗೆ. ಮುಂಡಪ್ಪಣ್ಣ ಗೋಡೆಗೆ ಒರಗಿ ಕುಳಿತು ಅವನ ಬಾಯಿಯನ್ನೇ ನೋಡುತ್ತಿದ್ದರು. ನಿತ್ಯಾನಂದನಿಗೆ ಗಂಟಲಿನವರೆಗೆ ತುಂಬಿತ್ತು. ಆದರೆ ಕುಳಿತಾಗ ಒಂದು ಉಪಾಯ ಹೊಳೆದು ಸಮಾಧಾನವಾಯಿತು. ತಾನು ನಿತ್ಯಾನಂದನ ಹಾಗೆ ಉಂಡರಾಯಿತು. ಒಂದು ತುಂಡು, ಎರಡು ಸೌಟು, ಸಾಕು. ಯಾರಿಗೂ ಅನುಮಾನ ಬರುವುದಿಲ್ಲ. ಇಷ್ಟು ವರ್ಷದ ಅಭ್ಯಾಸ ಒಂದು ದಿನಕ್ಕಾದರೂ ಉಪಯೋಗಕ್ಕೆ ಬಂತು. ತುಂಡನ್ನು ಮೆಲ್ಲಗೆ ಜಗಿದು ನುಂಗಿದ. ಅನ್ನವನ್ನು ನೀರಿನ ಜೊತೆ ಇಳಿಸಿದ. ಮುಂಡಪ್ಪಣ್ಣ ಎರಡೂ ಕೈ ಜೋಡಿಸಿ ಎದ್ದರು. “ನೋಡಿದ್ರಾ ಅಕ್ಕ, ಉಂಡ್ರು. ಇನ್ನು ಮನೆ ನಿಮ್ಮದು.” ಅಣ್ಣನ ಎಲೆಯನ್ನು ಮಡಚಿ, ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡರು.

“ಹೋಗುವಾಗ ಅಬ್ದುಲ್ಲಾಕನಿಗೆ ಹೇಳಿ,” ಎಂದಳು ಪ್ರಫುಲ್ಲಾ. “ನನ್ನ ಬ್ಯಾಗ್ ಕಳಿಸ್ಲಿಕ್ಕೆ.”

ಮುದುಕರ ಚಪ್ಪಲಿಯ ಸದ್ದು ಅಂಗಳ ದಾಟಿತು. ನಿತ್ಯಾನಂದನ ಕಣ್ಣಲ್ಲಿ ನೀರು ಬಂತು. ಗೆದ್ದಿದ್ದ. ಇನ್ನು ಏಳಬೇಕು, ಒಂದು ಸೋಡಾಪುಡಿ ಸಿಕ್ಕಿದರೆ ಸಾಕು. ಪ್ರಫುಲ್ಲಾ ಮಾತ್ರ ಸೌಟು ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. ಎಲೆ ಹತ್ತಿರಕ್ಕೆ ಸೌಟು ಬಂತು. ಅವನ ಎಡಗೈ ತಾನಾಗಿ ಅಡ್ಡ ಹೋಯಿತು. “ಸಾಕು, ಸಾಕು.”

ಸೌಟು ಹಿಂದೆ ಸರಿಯಲಿಲ್ಲ. ಅವಳು ಅವನ ಕೈಯನ್ನೇ, ಮೊದಲ ಸಲ ಕಾಣುವವಳಂತೆ, ಬಹಳ ಹೊತ್ತು ನೋಡಿದಳು.

“ಅದು ಗ್ಯಾಸ್ಟ್ರಿಕ್ಕು ಅಲ್ಲ, ಅಲ್ವಾ?” ಎಂದಳು.

ಅವನು ಕೈ ಅಡ್ಡವೇ ಇಟ್ಟಿದ್ದ.

“ಕೈ ತೆಗೀರಿ. ಇದು ತೋಡಾರು ಅಲ್ಲ.”

ಅವಳು ನಂಬಿದ್ದು ಯಾವುದನ್ನು, ಈಗ ಬಡಿಸುತ್ತಿರುವುದು ಯಾರಿಗೆ ಎಂದು ಕೇಳಬೇಕೆನಿಸಿತು. ಕೇಳಿದರೆ ಉತ್ತರ ಹೇಳಿಬಿಟ್ಟಾಳು. ಹೊಟ್ಟೆ ಬಿರಿಯುತ್ತಿತ್ತು. ತೇಗೊಂದು ಗಂಟಲಲ್ಲಿ ಬಂದು ನಿಂತಿತ್ತು. ನಿತ್ಯಾನಂದ ಎಲೆಯ ಮೇಲಿನಿಂದ ಕೈ ತೆಗೆದ.

“ಹಾಕು,” ಎಂದ.